ನಡುದಾರಿಯಲ್ಲಿ ಇಳಿದವಳು

ಮೊದಲು ಕೌನ್ಸೆಲರ್ ಹತ್ತಿರ ಹೋಗಿ ಬಾ, ಸ್ಟಿಯರಿಂಗ್ ಮುಟ್ಟುವ ಮಾತು ಆಮೇಲೆ ಎಂದು ಡಿಪೋ ಮ್ಯಾನೇಜರ್ ಹೇಳಿ ಕಳಿಸಿದ್ದನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಂಡರು. ಗಂಡ ಅದೊಂದು ಸಹಿಯ ಕೆಲಸ ಅಂದುಕೊಂಡ. ಅತ್ತೆ ಅದನ್ನು ಹುಚ್ಚಾಸ್ಪತ್ರೆ ಅಂದುಕೊಂಡಳು. ಮಗಳು ಏನಂದುಕೊಂಡಳೋ ಗೊತ್ತಿಲ್ಲ, ಅವಳು ಅಮ್ಮನ ಜೊತೆ ಮಾತು ಬಿಟ್ಟು ಆಗಲೇ ವಾರವಾಗಿತ್ತು. ಡ್ರೈವರಮ್ಮನಿಗೆ ಮಾತ್ರ ಎಲ್ಲರೆದುರು ಕೆನ್ನೆಗೆ ಹೊಡೆಸಿಕೊಂಡ ಹಾಗಾಗಿತ್ತು.

ಬೀದಿಯಲ್ಲೂ ಡಿಪೋದಲ್ಲೂ ಅವಳು ಡ್ರೈವರಮ್ಮ. ಆ ಡಿಪೋದಲ್ಲಿ ಸಿಟಿ ಬಸ್ಸು ಓಡಿಸುವ ಹೆಂಗಸು ಅವಳೊಬ್ಬಳೇ. ಮಗಳು ಇನ್ನೂ ಒಂದನೇ ಕ್ಲಾಸಿನಲ್ಲಿದ್ದಾಗ ಸೇರಿದವಳು ಇಷ್ಟು ವರ್ಷದಲ್ಲಿ ಒಂದು ಪಕ್ಕದ ಕನ್ನಡಿಯನ್ನೂ ಒಡೆಸಿಕೊಂಡವಳಲ್ಲ. ಅಂಥವಳು ಒಂದು ಬೆಳಿಗ್ಗೆ, ಕಚೇರಿಗೆ ಹೋಗುವವರ ಹೊತ್ತಿನಲ್ಲಿ, ಮೇಲ್ಸೇತುವೆಯ ಕೆಳಗಿನ ಸಿಗ್ನಲ್ಲಿನಲ್ಲಿ, ಕಾಲಿಡಲೂ ಜಾಗವಿಲ್ಲದ ಹಾಗೆ ಬಸ್ಸು ತುಂಬಿರುವಾಗ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಕೀಲಿಯನ್ನು ಕಂಡಕ್ಟರ್ ಕೈಗಿಟ್ಟು, ಕೆಳಗಿಳಿದು ನಡೆದುಬಿಟ್ಟಳು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸುತ್ತಲೇ ಇದ್ದವು. ಅವಳು ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿದ್ದ ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಊರೆಲ್ಲ ಸುತ್ತಿ ಮಗಳ ಕಾಲೇಜಿಗೂ ಬಂತು. ಗೆಳತಿಯರು ಮಗಳಿಗೇ ಬ್ರೇಕ್‌ಡೌನ್ ಎಂದು ಅಡ್ಡಹೆಸರಿಟ್ಟರು. ಅವತ್ತು ಸಂಜೆ ಮಗಳು ಮನೆಗೆ ಬಂದವಳೇ ಚೀಲವನ್ನು ಮೂಲೆಗೆಸೆದು, ನಿನ್ನಿಂದ ನಾನು ಮುಖ ಎತ್ತಿಕೊಂಡು ಓಡಾಡುವ ಹಾಗಿಲ್ಲ ಎಂದು ಹೇಳಿ, ತಟ್ಟೆ ತೆಗೆದುಕೊಂಡು ತನ್ನ ಕೋಣೆ ಸೇರಿದಳು. ಅಲ್ಲಿಂದಾಚೆ ಊಟ ಅಲ್ಲೇ.

ಯಾಕೆ ಇಳಿದೆ ಎಂದು ಎಲ್ಲರೂ ಕೇಳಿದರು. ಮ್ಯಾನೇಜರ್ ಕೇಳಿದ, ಗಂಡ ಕೇಳಿದ, ಮಹಡಿ ಮೇಲಿನ ಮನೆಯವರು ಮೆಟ್ಟಿಲಲ್ಲಿ ತಡೆದು ಕೇಳಿದರು. ಅವಳು ಒಂದೇ ಉತ್ತರ ಕೊಟ್ಟಳು. ಹಿಂದೆ ನಿಂತಿದ್ದ ಒಬ್ಬ ಗಂಡಸು ಡ್ರೈವರ್ ಸೀಟಿನ ಹಿಂದಿನ ಕಂಬಿಗೆ ಉಂಗುರದ ಬೆರಳಿನಿಂದ ಟಕಟಕ ಬಡಿಯುತ್ತಲೇ ಇದ್ದ. ಬೇಗ ಓಡಿಸಮ್ಮ, ಇದು ನಿನ್ನ ಅಡುಗೆಮನೆಯಲ್ಲ ಎಂದ. ಸಿಟ್ಟು ಬಂತು, ಇಳಿದೆ. ಇಂಥ ಮಾತನ್ನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದವಳಿಗೆ ಅವತ್ತೇ ಯಾಕೆ ಅಷ್ಟು ಸಿಟ್ಟು ಬರಬೇಕಿತ್ತು ಎಂದು ಯಾರೂ ಮುಂದೆ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಕೆಲಸವಿಲ್ಲದೆ ಮನೆಯಲ್ಲಿ ಕೂತ ಮೇಲೆ ಸಿಟ್ಟು ಇನ್ನೂ ಹೆಚ್ಚಿತು. ಮೊದಲಾದರೆ ಬೆಳಕು ಹರಿಯುವ ಮುಂಚೆ ಎದ್ದು, ಗಂಡನಿಗೂ ಮಗಳಿಗೂ ಡಬ್ಬಿ ಕಟ್ಟಿ, ಅತ್ತೆಗೆ ಉಪ್ಪಿಲ್ಲದ ಅಡುಗೆ ಬೇರೆ ಮಾಡಿಟ್ಟು, ಮೊದಲ ಟ್ರಿಪ್ಪಿಗೆ ಓಡುತ್ತಿದ್ದಳು. ಬಸ್ಸು ಹತ್ತಿದರೆ ಸಂಜೆಯವರೆಗೆ ಮನೆ ಅವಳನ್ನು ಮುಟ್ಟುತ್ತಿರಲಿಲ್ಲ. ಈಗ ದಿನವಿಡೀ ಮುಟ್ಟತೊಡಗಿತು. ಹೇಗೂ ಮನೆಯಲ್ಲೇ ಇದ್ದೀಯಲ್ಲ, ಬೀರು ಖಾಲಿ ಮಾಡಿ ಒರೆಸಿಬಿಡು. ಹೇಗೂ ಮನೆಯಲ್ಲೇ ಇದ್ದೀಯಲ್ಲ, ಕಂಬಳಿ ಒಗೆದು ಹಾಕು. ಗಂಡನ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಮೊದಲು ಡಬ್ಬಿಯ ತಣ್ಣನೆ ಊಟ ಉಣ್ಣುತ್ತಿದ್ದವನು ಈಗ, ಹೇಗೂ ಮನೆಯಲ್ಲೇ ಇದ್ದೀಯಲ್ಲ ಎಂದು ಮಧ್ಯಾಹ್ನ ಬಿಸಿ ಊಟಕ್ಕೆ ಬರತೊಡಗಿದ. ಬರುವಾಗ ಅಂಗಡಿಯ ಹುಡುಗ ಮುಟ್ಟದ ಎಣ್ಣೆ ಬಟ್ಟೆಗಳನ್ನೂ ಒಗೆಯಲು ತರುತ್ತಿದ್ದ.

ಅವನು ಕೂಗಾಡುವವನಲ್ಲ. ದೇವರಂಥ ಮನುಷ್ಯ, ಒಂದು ದಿನ ದನಿ ಏರಿಸಿ ಮಾತಾಡಿದ್ದಿಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಡ್ರೈವರಮ್ಮನ ಹೊಟ್ಟೆ ಉರಿಯುತ್ತಿದ್ದುದೇ ಅಲ್ಲಿ. ಅವಳು ಏನು ಹೇಳಿದರೂ ಅವನು ತಲೆಯಾಡಿಸುತ್ತಿದ್ದ. ಆಮೇಲೆ ಎಲ್ಲವೂ ಇದ್ದಲ್ಲೇ ಇರುತ್ತಿತ್ತು. ಗೋಡೆಗಾದರೂ ತಲೆ ಚಚ್ಚಿಕೊಂಡರೆ ಸದ್ದಾಗುತ್ತದೆ, ನಿಮ್ಮ ಹತ್ತಿರ ಅದೂ ಇಲ್ಲ ಎಂದು ಅವಳು ಒಮ್ಮೆ ಹೇಳಿದಾಗಲೂ ಅವನು ತಲೆಯಾಡಿಸಿದ್ದ.

ಕೌನ್ಸೆಲರ್ ಹತ್ತಿರ ಹೋಗುವ ಹಿಂದಿನ ದಿನ ಸಂಜೆ ಮನೆಯಲ್ಲಿ ತಾಲೀಮು ನಡೆಯಿತು. ಅತ್ತೆ ಮಣೆಯ ಮೇಲೆ ಕೂತು ಬಟಾಣಿ ಬಿಡಿಸುತ್ತ, ತಲೆಸುತ್ತು ಬಂತು ಅಂತ ಹೇಳು, ರಕ್ತ ಕಡಿಮೆ ಇದೆ ಅಂತ ಹೇಳು, ಮನೆ ವಿಷಯ ಎತ್ತಬೇಡ ಎಂದಳು. ಬೀದಿಯವರಿಗೆಲ್ಲ ಅವಳು ಸೊಸೆಗೆ ಬೆನ್ನು ನೋವು ಎಂದು ಹೇಳಿಟ್ಟಿದ್ದಳು. ಗಂಡ, ಅವರು ಏನು ಕೇಳಿದರೂ ಹೌದು, ಇಲ್ಲ ಅಷ್ಟೇ ಹೇಳು, ಸಹಿ ತಗೊಂಡು ಬಾ ಎಂದ.

"ನನ್ನ ಹೆಸರಂತೂ ಅಲ್ಲಿ ಬರಕೂಡ್ದು" ಎಂದಳು ಅತ್ತೆ. "ಅತ್ತೆ ಕಾಟ ಅಂತ ಬರ್ಕೊಂಡುಬಿಡ್ತಾರೆ. ಅವ್ರಿಗೆ ಅದೇ ಬೇಕಾಗಿರೋದು."

"ನಿಮ್ಮ ಹೆಸ್ರು ಹೇಳೋಕೆ ನಾನ್ಯಾಕೆ ಅಷ್ಟು ದೂರ ಹೋಗ್ಲಿ, ಅತ್ತೆ? ಇಲ್ಲೇ ಕಿಟಕಿ ತೆಗೆದು ಕೂಗಿದ್ರೂ ಆಗುತ್ತೆ."

ಅತ್ತೆ ಬಟಾಣಿಯ ಬುಟ್ಟಿಯನ್ನು ಅತ್ತ ನೂಕಿ ಎದ್ದಳು. ನಾನು ಈ ಮನೆಗೆ ಬಂದಾಗ ಎಷ್ಟು ಸಹಿಸಿದ್ದೆ, ನಾನೇನು ನಡುಬೀದಿಯಲ್ಲಿ ಗಾಡಿ ಬಿಟ್ಟು ಹೋಗಿದ್ದೆನೇ ಎಂದು ಮಗನನ್ನು ಕೇಳಿದಳು. ನಿಮಗೆ ಗಾಡಿ ಕೊಟ್ಟವರು ಯಾರು ಎಂದು ಸೊಸೆ ಕೇಳಿದಳು. ಗಂಡ ಇಬ್ಬರ ಕಡೆಗೂ ಒಂದೊಂದು ಸಲ ತಲೆಯಾಡಿಸಿ, ಟೆಸ್ಟರ್ ಹುಡುಕಿಕೊಂಡು ಅಂಗಡಿಗೆ ಹೋದ.

ಕೌನ್ಸೆಲರ್ ಇದ್ದದ್ದು ಒಂದು ಕಣ್ಣಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಮುದುಕರು ಗೋಡೆ ಹಿಡಿದು ಇಳಿಯುತ್ತಿದ್ದರು. ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದ. ಮೇಲೆ ಒಂದು ಸಣ್ಣ ಕೋಣೆ, ನಾಲ್ಕಾರು ಕುರ್ಚಿ, ತೊಟ್ಟಿಕ್ಕುವ ನೀರಿನ ಫಿಲ್ಟರ್. ಮೇಜಿನ ಹಿಂದಿದ್ದ ಹುಡುಗಿ ಒಂದು ಹಾಳೆ ತುಂಬಲು ಕೊಟ್ಟಳು. ವಯಸ್ಸು, ಕೆಲಸ, ಇರುವ ಕಾಯಿಲೆ, ನುಂಗುವ ಮಾತ್ರೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಬಂದ ಕಾರಣ ಎಂಬಲ್ಲಿ ಡ್ರೈವರಮ್ಮ, ಡಿಪೋದವರು ಕಳಿಸಿದ್ದಾರೆ ಎಂದು ಬರೆದು, ಕಾಗದ ತೂತಾಗುವ ಹಾಗೆ ಕೆಳಗೆ ಗೀಟು ಎಳೆದಳು.

ಬಾಗಿಲು ತೆರೆದು ಕರೆದವಳು ಕುಳ್ಳಗೆ ದಪ್ಪಗಿದ್ದ ಹೆಂಗಸು. ನೆಗಡಿಯಾಗಿ ಮೂಗು ಕೆಂಪಗಾಗಿತ್ತು. ಗಂಡನೂ ಎದ್ದು ನಿಂತ.

"ನೀವು ಹೊರಗೆ ಕೂತಿರಿ" ಎಂದಳು ಆಕೆ.

"ನಾನು ಇವರ ಗಂಡ."

"ಗೊತ್ತಾಯ್ತು. ಹೊರಗೆ ಕುರ್ಚಿ ಇದೆ."

ಅವನಿಗೆ ಯಾರೂ ಹಾಗೆ ಹೇಳಿದ್ದೇ ಇರಲಿಲ್ಲ. ಅವನು ತಲೆಯಾಡಿಸಲೂ ಮರೆತು ನಿಂತಿದ್ದನ್ನು ನೋಡಿ ಡ್ರೈವರಮ್ಮನಿಗೆ ವಾರದಲ್ಲಿ ಮೊದಲ ಸಲ ನಗು ಬರುವಂತಾಯಿತು. ಆದರೆ ಬಾಗಿಲು ಮುಚ್ಚಿಕೊಂಡ ಕೂಡಲೇ ಅದು ಹೋಯಿತು.

ಅವಳು ಏನೇನೋ ಅಂದುಕೊಂಡು ಬಂದಿದ್ದಳು. ಮಲಗಿಸುತ್ತಾರೆ, ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಇವತ್ತು ಯಾವ ವಾರ, ಇದು ಎಷ್ಟು ಬೆರಳು ಎಂದು ಕೇಳುತ್ತಾರೆ, ಕೊನೆಗೆ ಒಂದು ಬುದ್ಧಿವಾದ. ಅಲ್ಲಿ ಎರಡು ಕುರ್ಚಿ ಬಿಟ್ಟರೆ ಒಂದು ಮೇಜು, ಬಿಸಿನೀರಿನ ಫ್ಲಾಸ್ಕು, ಮುಖ ಒರೆಸುವ ಕಾಗದದ ಡಬ್ಬಿ ಅಷ್ಟೇ ಇದ್ದವು. ಡಬ್ಬಿಯನ್ನು ಖಾಲಿ ಮಾಡುತ್ತಿದ್ದವಳು ಕೌನ್ಸೆಲರೇ. ಸೀನಿದಾಗೆಲ್ಲ ಕ್ಷಮಿಸಿ ಎನ್ನುತ್ತಿದ್ದಳು.

ಕೂತ ಮೇಲೆ ಆಕೆ ಮೊದಲು ತಾನೇ ಮಾತಾಡಿದಳು. ಇವತ್ತು ನಿಮ್ಮನ್ನು ತಿಳಿದುಕೊಳ್ಳುವುದಕ್ಕಷ್ಟೇ ಮೊದಲ ಭೇಟಿ; ಪ್ರಶ್ನೆ ಜಾಸ್ತಿ ಇರುತ್ತವೆ, ಬೇಡವೆನಿಸಿದ್ದಕ್ಕೆ ಉತ್ತರ ಕೊಡದಿದ್ದರೂ ಆಯಿತು; ಇಲ್ಲಿ ಆಡಿದ ಮಾತು ಡಿಪೋಗೂ ಹೋಗುವುದಿಲ್ಲ, ಹೊರಗೆ ಕೂತವರಿಗೂ ಹೋಗುವುದಿಲ್ಲ; ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತದೆ, ಅದನ್ನೂ ಮೊದಲು ನಿಮಗೆ ಹೇಳಿಯೇ ಮಾಡುತ್ತೇನೆ ಎಂದಳು. ಡ್ರೈವರಮ್ಮ ಕೈಕಟ್ಟಿಕೊಂಡು ಕೇಳಿದಳು. ಆಮೇಲೆ ಪ್ರಶ್ನೆಗಳು ಬಂದವು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮುಟ್ಟು ಸರಿಯಾಗಿದೆಯೇ, ಬಿಪಿ ಇದೆಯೇ, ಮನೆಯಲ್ಲಿ ಯಾರ್ಯಾರಿದ್ದಾರೆ, ತವರಿನಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ, ಕುಡಿತವೇನಾದರೂ ಇದೆಯೇ. ಹೌದು, ಇಲ್ಲ, ಹೌದು, ಇಲ್ಲ. ಗಂಡ ಹೇಳಿಕೊಟ್ಟ ಪಾಠವನ್ನು ಅವಳು ಚಾಚೂ ತಪ್ಪದೆ ಒಪ್ಪಿಸಿದಳು.

"ನಿಮಗೆ ಇಲ್ಲಿಂದ ಏನು ಬೇಕು?" ಎಂದು ಆಕೆ ಕೇಳಿದಾಗ ಮಾತ್ರ ಹೌದು, ಇಲ್ಲ ಎರಡೂ ಹೊಂದಲಿಲ್ಲ.

"ಸಹಿ" ಎಂದಳು ಡ್ರೈವರಮ್ಮ.

"ಅದು ಇವತ್ತು ಆಗಲ್ಲ. ಇನ್ನೊಂದಷ್ಟು ಸಲ ನಾವು ಕೂತು ಮಾತಾಡಬೇಕಾಗುತ್ತೆ."

ಅಲ್ಲಿಗೆ ತಾಳ್ಮೆಯ ಕಟ್ಟೆ ಒಡೆಯಿತು. ಅವಳು ಎದ್ದು ನಿಂತಳು. ಹಾಗಾದರೆ ಇಷ್ಟು ಹೊತ್ತು ನನ್ನ ಮುಟ್ಟಿನ ಲೆಕ್ಕ ಯಾಕೆ ಕೇಳಿದಿರಿ ಎಂದು ಕೇಳಿದಳು. ನನ್ನ ಜಾಗದಲ್ಲಿ ಗಂಡಸು ಇಳಿದು ಹೋಗಿದ್ದರೆ ಒಂದು ನೋಟಿಸ್ ಕೊಟ್ಟು ಮಾರನೇ ದಿನ ಬಸ್ಸು ಕೊಡುತ್ತಿದ್ದರು, ಹೆಂಗಸು ಇಳಿದರೆ ತಲೆ ಕೆಟ್ಟಿರಬೇಕು, ಅಲ್ಲವೇ ಎಂದಳು. ಮನೆಯಲ್ಲಿ ಕೂತು ಕೂತು ನನ್ನನ್ನು ಅವರು ಹಿಂಡಿ ಹಿಪ್ಪೆ ಮಾಡಿದ್ದಾರೆ, ಇನ್ನೂ ಕೂರಿಸಿ, ಕೂರಿಸಿ, ಪೂರ್ತಿ ಹುಚ್ಚಿಯಾಗುತ್ತೇನೆ, ಆಮೇಲೆ ನಿಮ್ಮ ಪ್ರಶ್ನೆಗಳಿಗೆಲ್ಲ ಹೌದು ಎನ್ನುತ್ತೇನೆ ಎಂದಳು. ದನಿ ಹೊರಗಿನವರೆಗೂ ಹೋಗಿರಬೇಕು. ಬಾಗಿಲಾಚೆ ಕುರ್ಚಿ ಕಿರುಗುಟ್ಟಿತು.

ಕೌನ್ಸೆಲರ್ ಅವಳನ್ನು ಸಮಾಧಾನ ಮಾಡಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಬಿಸಿನೀರು ಕುಡಿದಳು. ಮೂಗು ಒರೆಸಿಕೊಂಡಳು. ಆಮೇಲೆ, ಸಿಟ್ಟು ಮಾಡಿಕೊಳ್ಳುವುದಕ್ಕೆ ಇಲ್ಲಿ ಜಾಗವಿದೆ, ಹೊತ್ತೂ ಇದೆ ಎಂದಳು.

"ಒಂದು ಕೇಳ್ತೀನಿ. ಬಸ್ಸಿಂದ ಇಳಿದು ಎಲ್ಲಿಗೆ ಹೋದ್ರಿ?"

ಯಾಕೆ ಇಳಿದೆ ಎಂದು ಕೇಳದವರೇ ಇರಲಿಲ್ಲ. ಎಲ್ಲಿಗೆ ಹೋದೆ ಎಂದು ಗಂಡನೂ ಕೇಳಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದಿದ್ದಳು, ಅಡುಗೆ ಮಾಡಿದ್ದಳು, ಅಷ್ಟು ಅವರಿಗೆ ಸಾಕಾಗಿತ್ತು.

"ಇನ್ನೊಂದು ಬಸ್ ಹತ್ತಿದೆ" ಎಂದಳು. ಹೇಳುತ್ತ ಕೂತುಕೊಂಡಳು. "ಯಾವುದೋ ನಂಬರು, ನೋಡ್ಲೂ ಇಲ್ಲ. ಟಿಕೆಟ್ ತಗೊಂಡೆ. ಕಿಟಕಿ ಪಕ್ಕ ಸೀಟ್ ಸಿಕ್ತು. ಕೊನೇ ಸ್ಟಾಪ್‌ವರೆಗೂ ಹೋಗಿ, ಅದೇ ಬಸ್ಸಲ್ಲಿ ವಾಪಸ್ ಬಂದೆ. ಯಾರೋ ಓಡಿಸ್ತಿದ್ರು. ನಾನು ಸುಮ್ನೆ ಕೂತಿದ್ದೆ."

ಕೌನ್ಸೆಲರ್ ಏನೂ ಬರೆದುಕೊಳ್ಳಲಿಲ್ಲ. ಈಗ ಕೇಳುವ ಪ್ರಶ್ನೆಯನ್ನು ಇಲ್ಲಿಗೆ ಮೊದಲ ಸಲ ಬರುವ ಎಲ್ಲರಿಗೂ ಕೇಳುತ್ತೇನೆ, ನಿಮ್ಮೊಬ್ಬರಿಗಲ್ಲ ಎಂದು ಹೇಳಿ, ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿತ್ತೇ ಎಂದು, ಹಾಲು ಬೇಕೇ ಎಂದು ಕೇಳುವಷ್ಟು ನೇರವಾಗಿ ಕೇಳಿದಳು.

ಇಲ್ಲ ಎನ್ನಬೇಕಿತ್ತು. ಪಾಠ ಹಾಗಿತ್ತು. ಡ್ರೈವರಮ್ಮ ತನ್ನ ಬಲಗಾಲನ್ನು ನೋಡುತ್ತ ಕೂತಳು.

"ಆ ಗಂಡಸು ಬಡೀತಾ ಇದ್ದ" ಎಂದಳು ಕೊನೆಗೆ. "ಸಿಗ್ನಲ್ ಬಿಡ್ತು. ಮುಂದೆ ರಸ್ತೆ ಖಾಲಿ. ಎದುರಿಗೆ ಸೇತುವೆ ಕಂಬ. ಕಾಲು ಆಕ್ಸಿಲರೇಟರ್ ಮೇಲೇ ಇತ್ತು ಮೇಡಂ. ಒತ್ತಿಬಿಟ್ರೆ ಎಲ್ಲಾ ನಿಲ್ಲುತ್ತಲ್ಲ ಅನ್ನಿಸ್ತು. ಬಡಿಯೋದು ನಿಲ್ಲುತ್ತೆ, ಬೆಳಿಗ್ಗೆ ಏಳೋದು ನಿಲ್ಲುತ್ತೆ. ಒಂದು ಕ್ಷಣ. ಹಿಂದೆ ಅಷ್ಟು ಜನ ಇದ್ರು. ಬಾಗಿಲ ಹತ್ರ ಒಬ್ಬಳು ಮಗು ಎತ್ಕೊಂಡು ನಿಂತಿದ್ಳು, ಕನ್ನಡಿಯಲ್ಲಿ ಕಾಣ್ತಿತ್ತು."

"ಅದಕ್ಕೆ ಇಳಿದ್ರಿ."

"ಅದಕ್ಕೇ ಇಳಿದೆ."

ಕೌನ್ಸೆಲರ್ ಹೌಹಾರಲಿಲ್ಲ. ಅಂಥ ಯೋಚನೆ ಆಮೇಲೂ ಬಂತೇ, ಮನೆಯಲ್ಲಿರುವಾಗ ಬರುತ್ತದೆಯೇ, ಹೇಗೆ ಸಾಯಬೇಕು ಎಂದು ಏನಾದರೂ ಮನಸ್ಸಿನಲ್ಲಿದೆಯೇ ಎಂದು ಒಂದೊಂದಾಗಿ ಕೇಳಿದಳು. ಬಂದಿತ್ತು, ಆದರೆ ಹೀಗೆ ಎಂದು ಏನೂ ಗೊತ್ತುಮಾಡಿಕೊಂಡಿರಲಿಲ್ಲ. ಇಂಥದ್ದು ಹೇಳಿದವರನ್ನು ಯಾರೂ ಕಟ್ಟಿಹಾಕುವುದಿಲ್ಲ ಎಂದಳು ಆಕೆ. ಆದರೆ ಸದ್ಯಕ್ಕೆ ಬಸ್ಸು ಬೇಡ. ಶಿಕ್ಷೆ ಅಂದುಕೊಳ್ಳಬೇಡಿ, ಕಾಲು ಮುರಿದವರಿಗೂ ಬಸ್ಸು ಕೊಡುವುದಿಲ್ಲ ತಾನೇ? ಗುರುವಾರ ಇಲ್ಲಿಗೆ ಬರುವ ಡಾಕ್ಟರನ್ನೂ ಒಮ್ಮೆ ನೋಡಿ. ಪ್ರತಿ ಮಂಗಳವಾರ ನನ್ನ ಹತ್ತಿರ ಬನ್ನಿ. ಯೋಚನೆ ಜೋರಾದರೆ ಯಾವ ಹೊತ್ತಿನಲ್ಲಾದರೂ ಈ ನಂಬರಿಗೆ ಫೋನ್ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ಇದು ಗೊತ್ತಿರಬೇಕು, ಯಾರಿಗೆ ಅಂತ ನೀವೇ ಆರಿಸಿ.

ಡ್ರೈವರಮ್ಮ ಹೊರಗೆ ಬಂದಾಗ ಹಗುರವೇನೂ ಆಗಿರಲಿಲ್ಲ. ಇಷ್ಟು ದಿನ ಹಲ್ಲು ಕಚ್ಚಿ ಒಳಗಿಟ್ಟುಕೊಂಡಿದ್ದನ್ನು ನೆಗಡಿಯ ಹೆಂಗಸೊಬ್ಬಳು ಎರಡು ಪ್ರಶ್ನೆ ಹಾಕಿ ಕಿತ್ತುಕೊಂಡಳಲ್ಲ ಎಂದು ಆಕೆಯ ಮೇಲೂ ಸಿಟ್ಟು ಬಂದಿತ್ತು. ಗಂಡ ಎದ್ದು, ಸಹಿ ಎಂದ. ಇಲ್ಲ ಎಂದಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದಳು. ಏನು ಕೇಳಿದರು, ಏನು ಹೇಳಿದೆ, ನನ್ನ ವಿಷಯ ಬಂತೇ ಎಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದಳು. ನಿಮ್ಮ ವಿಷಯಕ್ಕೆ ಹೊತ್ತು ಸಿಗಲಿಲ್ಲ ಎಂದು ಸೊಸೆ ಹೇಳಿದ್ದು ಅವಳಿಗೆ ಸಮಾಧಾನವನ್ನೂ ತಂದಿತು, ಅವಮಾನವನ್ನೂ ಮಾಡಿತು.

ಆ ವಾರ ಡ್ರೈವರಮ್ಮ ಯಾರಿಗೂ ಹೇಳಲಿಲ್ಲ. ಯಾರಿಗೆ ಎಂದು ಆರಿಸಲು ಹೊರಟರೆ ಒಬ್ಬೊಬ್ಬರ ಮೇಲೂ ಒಂದೊಂದು ಸಿಟ್ಟು ಅಡ್ಡ ಬರುತ್ತಿತ್ತು. ಗುರುವಾರ ಒಬ್ಬಳೇ ಹೋಗಿ ಡಾಕ್ಟರನ್ನು ನೋಡಿ ಮಾತ್ರೆ ತಂದಳು. ಬೆನ್ನು ನೋವಿನದ್ದು ಎಂದು ಅತ್ತೆಯೇ ಮಹಡಿಯವರಿಗೆ ಹೇಳಿದಳು. ಶುಕ್ರವಾರ ಅತ್ತೆ ಸಂಜೆಯ ಎರಡನೇ ಟೀ ಕೇಳಿದಾಗ, ಒಲೆ ಅಲ್ಲಿದೆ, ಪುಡಿ ಅಲ್ಲಿದೆ ಎಂದಳು. ಅತ್ತೆ ಟೀ ಕುಡಿಯದೆ ಮುಖ ತಿರುಗಿಸಿ ಮಲಗಿದಳು. ಶನಿವಾರ ಎಣ್ಣೆ ಬಟ್ಟೆಗಳು ಬಚ್ಚಲಲ್ಲೇ ಉಳಿದವು. ಗಂಡ ಅವನ್ನು ನೋಡಿದ, ಅವಳನ್ನು ನೋಡಿದ, ಎಣ್ಣೆ ಒರೆಸಲು ಬೇರೊಂದು ಬಟ್ಟೆ ಹರಿದುಕೊಂಡು ಹೋದ. ಹರಿದದ್ದು ಅವಳ ಹಳೆಯ ಯೂನಿಫಾರ್ಮಿನ ಅಂಗಿ. ಅದನ್ನು ಅವಳು ಸಂಜೆ ನೋಡಿದಳು.

ಆ ಸಂಜೆಯೇ ಅವನು ಖುಷಿಯಾಗಿ ಬಂದದ್ದು. ಕೈಯಲ್ಲಿ ಒಂದು ಲಕೋಟೆ. ಎಲ್ಲರೂ ಊಟಕ್ಕೆ ಕೂತಿದ್ದರು. ಮಗಳು ತನ್ನ ತಟ್ಟೆಗೆ ಬಡಿಸಿಕೊಂಡು ಕೋಣೆಗೆ ಹೊರಟಿದ್ದಳು. ಗಂಡ ಲಕೋಟೆಯನ್ನು ಹೆಂಡತಿಯ ತಟ್ಟೆಯ ಪಕ್ಕದಲ್ಲಿಟ್ಟ. ಅಂಗಡಿಗೆ ಬರುವ ಒಬ್ಬರಿಗೆ ಒಬ್ಬ ಡಾಕ್ಟರ್ ಗೊತ್ತಂತೆ, ಅವರ ಹತ್ತಿರ ಎಲ್ಲ ಸರಿಯಿದೆ, ಗಾಡಿ ಓಡಿಸಬಹುದು ಎಂದು ಬರೆಸಿ ಸಹಿ ಹಾಕಿಸಿದ್ದೇನೆ, ಮ್ಯಾನೇಜರ್ ಜೊತೆಗೂ ಮಾತಾಡಿದ್ದೇನೆ, ಸೋಮವಾರದಿಂದ ಡ್ಯೂಟಿ, ಇನ್ನು ಆ ಮೆಟ್ಟಿಲು ಹತ್ತುವುದು ಬೇಡ ಎಂದ.

"ಯಾವ ಡಾಕ್ಟರು? ನನ್ನ ಮುಖ ನೋಡಿದ್ದಾರಾ ಅವ್ರು?"

"ನೋಡೋದೇನಿದೆ? ನಾನು ಹೇಳ್ದೆ, ಅವ್ರು ಬರೆದ್ರು."

"ಏನಂತ ಹೇಳಿದ್ರಿ?"

"ಏನೂ ಇಲ್ಲ ಅಂತ."

ಡ್ರೈವರಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಒಂದು ವಾರದ ಹಿಂದೆ ಈ ಕಾಗದ ಸಿಕ್ಕಿದ್ದರೆ ಕಣ್ಣಿಗೊತ್ತಿಕೊಂಡು ಡಿಪೋಗೆ ಓಡುತ್ತಿದ್ದಳು. ಈಗ ಅದನ್ನು ನೋಡಿದರೆ ಮೈಯೆಲ್ಲ ಉರಿಯಿತು. ಏನೂ ಇಲ್ಲ ಎಂದು ಇವನಿಗೆ ಗೊತ್ತಾದದ್ದು ಹೇಗೆ, ಇವನು ಕೇಳಿದ್ದು ಯಾವಾಗ?

"ಕೂತ್ಕೊಳ್ಳಿ" ಎಂದಳು. ಗಂಡ ಕೂತ. "ನೀನೂ ನಿಲ್ಲು" ಎಂದಳು ಮಗಳಿಗೆ.

ಕೌನ್ಸೆಲರ್ ಒಬ್ಬರನ್ನು ಆರಿಸು ಎಂದಿದ್ದಳು. ಅವಳು ಆರಿಸಲಿಲ್ಲ. ತಟ್ಟೆಗಳ ಮುಂದೆ, ಆರುತ್ತಿದ್ದ ಅನ್ನದ ಮುಂದೆ, ಸಿಗ್ನಲ್ ಬಿಟ್ಟಿದ್ದು, ಕಂಬ, ಕಾಲು, ಎಲ್ಲವನ್ನೂ ಹೇಳಿದಳು. ಅಳಲಿಲ್ಲ. ಬೈಯುವ ದನಿಯಲ್ಲೇ ಹೇಳಿದಳು, ತಪ್ಪು ಅವರದ್ದೆಂಬ ಹಾಗೆ.

ಗಂಡ ತಲೆಯೆತ್ತಿದ. "ಇದನ್ನ ಯಾರ ಮುಂದೇನೂ ಬಾಯ್ಬಿಡ್ಬೇಡ" ಎಂದ, ಅದೇ ಮೆತ್ತನೆ ದನಿಯಲ್ಲಿ.

"ಬಾಯ್ಬಿಟ್ಟಾಗಿದೆ. ಮಂಗಳವಾರ ಮಿಕ್ಕಿದ್ದನ್ನೂ ಬಿಡ್ತೀನಿ. ನಿಮ್ಮ ಈ ಮಾತನ್ನೂ ಸೇರಿಸಿ."

"ಮನೆ ಮಾನ ಅಂತ ಒಂದಿದೆ."

"ಇದ್ರೆ ಅದಕ್ಕೇ ಅಡುಗೆ ಮಾಡೋಕೆ ಹೇಳಿ. ನನ್ನ ಕೈಲಾಗಲ್ಲ. ನಾನು ಸಾಯ್ತೀನಿ ಅಂತಿದ್ದೀನಿ, ನೀವು ಯಾರಿಗೂ ಹೇಳ್ಬೇಡ ಅಂತೀರಿ."

"ಹಾಗಾದ್ರೆ ನಾನೇನ್ ಮಾಡ್ಲಿ?" ಎಂದು ಅವನು ಕೂಗಿದ.

ನಿಜಕ್ಕೂ ಕೂಗಿದ. ಮೇಲಿನ ಮನೆಯಲ್ಲಿ ನಡೆದಾಡುತ್ತಿದ್ದ ಹೆಜ್ಜೆಗಳು ನಿಂತವು. ಅವನು ಎದ್ದು ನಿಂತಿದ್ದ, ತಟ್ಟೆ ಮಗುಚಿಕೊಂಡಿತ್ತು. ನನಗೆ ಕೆಟ್ಟ ಫ್ಯಾನು ಗೊತ್ತು, ಕೆಟ್ಟ ಮಿಕ್ಸಿ ಗೊತ್ತು, ಏನು ಕೆಟ್ಟಿದೆ ಅಂತ ನೀನು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು ಎಂದ. ಹೇಳಿದಾಗೆಲ್ಲ ತಲೆಯಾಡಿಸಿದವರು ಯಾರು ಎಂದು ಅವಳೂ ಎದ್ದು ನಿಂತು ಕೇಳಿದಳು. ನನ್ನ ಅಂಗಿ ಹರಿದು ಎಣ್ಣೆ ಒರೆಸಿದ್ದೀರಿ, ಅದು ಯಾರದ್ದೆಂದು ಕೂಡ ನೋಡಲಿಲ್ಲ ಎಂದಳು. ಅವನು ನಿನ್ನ ಅಂಗಿ ಹಾಳಾಗಿ ಹೋಗಲಿ ಎಂದ. ಮದುವೆಯಾದಾಗಿನಿಂದ ಆಡದೆ ಉಳಿದ ಜಗಳವನ್ನೆಲ್ಲ ಇಬ್ಬರೂ ಸೇರಿ ಆಡಿದರು. ಅವಳು ಅವನ ಮೌನವನ್ನು ಬೈದಳು, ಅವನು ಅವಳ ನಾಲಿಗೆಯನ್ನು ಬೈದ. ಇಬ್ಬರೂ ಸರಿಯಾಗಿಯೇ ಬೈದರು. ನಡುವೆ ಯಾವಾಗಲೋ ಅವನ ದನಿ ಒಡೆಯಿತು. ನೀನು ಹೋಗಿಬಿಟ್ಟಿದ್ದರೆ ಎಂದವನು ಮುಂದೆ ಹೇಳಲಾರದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಅತ್ತೆ ಅಷ್ಟು ಹೊತ್ತೂ ಗೋಡೆಗೊರಗಿ ಕೂತಿದ್ದಳು. ಬಸ್ಸಲ್ಲಿ ಎಷ್ಟು ಜನ ಇದ್ದರೇ ಎಂದು ಈಗ ಕೇಳಿದಳು. ತುಂಬಾ ಇದ್ದರು ಎಂದಳು ಸೊಸೆ. ಮಾರನೇ ಬೆಳಿಗ್ಗೆ ಅತ್ತೆ ಯಾರಿಗಿಂತಲೂ ಮೊದಲೆದ್ದು ತನ್ನ ಟೀ ತಾನೇ ಮಾಡಿಕೊಂಡಳು. ಮಾಡಿಕೊಳ್ಳುತ್ತಿದ್ದೇನೆ ಎಂದು ಎಲ್ಲರಿಗೂ ತಿಳಿಯುವ ಹಾಗೆ ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ ಕುಕ್ಕಿದಳು. ಕೊನೆಗೆ ಒಂದು ಲೋಟ ಸೊಸೆಯ ಮುಂದೆಯೂ ಕುಕ್ಕಿದಳು. ಸಕ್ಕರೆ ಹಾಕಿರಲಿಲ್ಲ. ಡ್ರೈವರಮ್ಮ ಸಕ್ಕರೆ ಇಲ್ಲ ಎಂದಳು. ಇದ್ದದ್ದನ್ನು ಕುಡಿ ಎಂದಳು ಅತ್ತೆ.

ಮಗಳ ಸಿಟ್ಟು ಇಳಿಯಲಿಲ್ಲ, ದಾರಿ ಬದಲಿಸಿತು. ಬಟ್ಟೆ ಒಣಗಿಸುತ್ತಿದ್ದ ಅಮ್ಮನ ಹತ್ತಿರ ಬಂದು, ಬಕೆಟಿನಿಂದ ಒಂದೊಂದೇ ಬಟ್ಟೆ ತೆಗೆದು ಕೊಡುತ್ತ, ಮುಖ ನೋಡದೆ ಮಾತಾಡಿದಳು.

"ನಾನು ಪಕ್ಕದ ರೂಮಲ್ಲೇ ಇದ್ದೆ. ನನಗೆ ಹೇಳ್ಬಹುದಿತ್ತು."

"ನೀನು ಮಾತು ಬಿಟ್ಟಿದ್ದೆ."

"ಅದಕ್ಕೆ ಮುಂಚೆ?"

ಡ್ರೈವರಮ್ಮನಿಗೆ ಸಿಟ್ಟು ಬಂತು; ಈ ಸಲ ತನ್ನ ಮೇಲೆ. ದೊಡ್ಡ ಹೊದಿಕೆಯ ಒಂದು ತುದಿಯನ್ನು ಮಗಳಿಗೆ ಕೊಟ್ಟಳು. ಇಬ್ಬರೂ ಹಿಂಡಿದರು. ಅವತ್ತು ಮಗಳು ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗಲಿಲ್ಲ, ಆದರೆ ಊಟ ಮುಗಿಯುವವರೆಗೆ ಮಾತೂ ಆಡಲಿಲ್ಲ.

ಗಂಡ ಲಕೋಟೆಯನ್ನು ವಾಪಸ್ ಕೊಡಲು ಹೋದ. ಅವಳೇ ಕಳಿಸಿದ್ದಳು. ಕೊಡಿಸಿದವನಿಗೆ ಬೇಜಾರಾಯಿತು, ಮಾಡಿದ ಉಪಕಾರಕ್ಕೆ ಬೆಲೆ ಇಲ್ಲ ಎಂದ, ಇನ್ನು ನಿಮ್ಮ ಅಂಗಡಿಗೆ ಬರುವುದಿಲ್ಲ ಎಂದ. ಗಂಡ ಅಲ್ಲಿಂದ ಡಿಪೋಗೂ ಹೋಗಿ, ನನ್ನ ಹೆಂಡತಿ ಸದ್ಯಕ್ಕೆ ಬರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿ, ಅವನ ಹತ್ತಿರ ಬೈಸಿಕೊಂಡು, ಮನೆಗೆ ಬಂದು ಬಾಗಿಲನ್ನು ಧಡಾರನೆ ಹಾಕಿದ. ಆ ಸದ್ದಿಗೆ ಅತ್ತೆ ಬೆಚ್ಚಿಬಿದ್ದಳು. ಡ್ರೈವರಮ್ಮನಿಗೆ ಮಾತ್ರ, ಮನೆಯಲ್ಲಿ ತನ್ನ ಹಾಗೆ ಇನ್ನೂ ಒಬ್ಬರಿದ್ದಾರೆ ಎನಿಸಿತು.

ಮಂಗಳವಾರ ಬಂತು. ಅವಳು ಹೊರಡುವ ಹೊತ್ತಿಗೆ ಗಂಡ ಅಂಗಡಿ ಮುಚ್ಚಿ, ತಲೆ ಬಾಚಿಕೊಂಡು, ಬಾಗಿಲಲ್ಲಿ ನಿಂತಿದ್ದ. ನಾನೂ ಬರುತ್ತೇನೆ, ಹೊರಗೇ ಕೂತಿರುತ್ತೇನೆ ಎಂದ. ಬೇಡ, ಮೊಟ್ಟೆ ಇದೆ, ಬೇಳೆ ನೆನೆಸಿದ್ದೇನೆ, ನಿಮ್ಮ ಅಮ್ಮನಿಗೆ ಉಪ್ಪಿಲ್ಲದ್ದು ಬೇರೆ ತೆಗೆದಿಡಿ ಎಂದಳು. ಬೇಳೆಗೆ ಎಷ್ಟು ನೀರು ಎಂದು ಅವನು ಕೇಳಿದ. ಇಷ್ಟು ವರ್ಷ ಉಂಡಿದ್ದೀರಲ್ಲ, ನೆನಪು ಮಾಡಿಕೊಳ್ಳಿ ಎಂದು ಹೇಳಿ ಮೆಟ್ಟಿಲಿಳಿದಳು. ಅರ್ಧ ಇಳಿದವಳು ನಿಂತು, ಎರಡು ಲೋಟ ಎಂದು ಕೂಗಿ ಹೇಳಿದಳು.

ಕೌನ್ಸೆಲರಿನ ನೆಗಡಿ ಇಳಿದಿತ್ತು. ಮೇಜಿನ ಮೇಲೆ ಕಾಗದದ ಹೊಸ ಡಬ್ಬಿಯಿತ್ತು. ಈ ವಾರ ಹೇಗಿತ್ತು ಎಂದು ಆಕೆ ಕೇಳಿದಳು.

ಡ್ರೈವರಮ್ಮ ಕೈಚೀಲವನ್ನು ಕೆಳಗಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

"ಸಿಟ್ಟು ಬಂದಿದೆ" ಎಂದಳು.

"ಯಾರ ಮೇಲೆ?"

"ಒಬ್ಬರ ಮೇಲಾ, ಇಬ್ಬರ ಮೇಲಾ? ಒಂದು ಗಂಟೆ ಸಾಲಲ್ಲ ಮೇಡಂ. ಮೊದಲು ನಿಮ್ಮಿಂದಲೇ ಶುರು ಮಾಡ್ತೀನಿ."